‘ಅರಳುಮರಳು’ ಎಂಬ ಪದದಲ್ಲಿ ಮರೆವು ಎಲ್ಲಿದೆ?

ಪ್ರಶ್ನೆ: ಕಾಗದದ ದೋಣಿ

ನಮ್ಮ ತಂದೆಯವರಿಗೆ ಈಗ 78 ವರ್ಷ. ಒಂದೂವರೆ ವರ್ಷದಿಂದ ಅವರ ನೆನಪು ಹಂತಹಂತವಾಗಿ ಕುಂದುತ್ತ ಬಂದಿದ್ದು, ಇದು ಡಿಮೆನ್ಶಿಯಾ ಎಂದು ವೈದ್ಯರು ಕಳೆದ ತಿಂಗಳು ಖಚಿತಪಡಿಸಿದರು. ದೂರದಲ್ಲಿರುವ ಬಂಧುಗಳಿಗೆಲ್ಲ ವಿಷಯ ತಿಳಿಸೋಣವೆಂದು ನಾನು ಪತ್ರ ಬರೆಯಲು ಕುಳಿತೆ. ‘ಅಪ್ಪನಿಗೆ ಅರಳುಮರಳು ಶುರುವಾಗಿದೆ’ ಎಂಬ ಮೊದಲ ಸಾಲಿಗೇ ನನ್ನ ತಮ್ಮ ತಕರಾರು ತೆಗೆದ. ಅದು ಕಾಯಿಲೆಯ ಹೆಸರಲ್ಲ, ಮುದುಕರನ್ನು ಮೂದಲಿಸುವ ಮಾತು ಎಂಬುದು ಅವನ ವಾದ. ಪಕ್ಕದಲ್ಲಿದ್ದ ಸೋದರತ್ತೆ ಇದನ್ನು ಒಪ್ಪಲಿಲ್ಲ. ಬೇಂದ್ರೆಯವರೇ ತಮ್ಮ ಕವನಸಂಕಲನಕ್ಕೆ ಇಟ್ಟ ಹೆಸರು ಮೂದಲಿಕೆ ಹೇಗಾದೀತು, ‘ಮರಳಿ ಅರಳುವುದು’ ಎಂದಲ್ಲವೇ ಅದರ ಅರ್ಥ ಎಂದು ಅವರು ಕೇಳಿದರು. ನಾನೋ, ‘ಮರಳು’ ಎಂಬುದು ‘ಮರೆ’ಯಿಂದಲೇ ಬಂದಿರಬೇಕು, ಆದ್ದರಿಂದ ಇದು ಮರೆವಿಗೆ ಇರುವ ಹಳೆಯ ಕನ್ನಡ ಪದ ಎಂದು ಇಷ್ಟು ವರ್ಷ ನಂಬಿಕೊಂಡು ಬಂದವನು.

ಮೂವರಲ್ಲಿ ಯಾರ ಮಾತು ಸರಿ? ಈ ಜೋಡುಪದದಲ್ಲಿ ಅರಳುವುದು ಏನು, ಮರಳುವುದು ಏನು? ಇದಕ್ಕೂ ಮರೆವಿಗೂ ನಂಟಿದೆಯೇ? ಕೊನೆಯದಾಗಿ, ಪತ್ರದಲ್ಲಿ ಯಾವ ಪದ ಬರೆದರೆ ವಿಷಯವೂ ತಿಳಿದು ಅಪ್ಪನ ಮರ್ಯಾದೆಯೂ ಉಳಿದೀತು?

ಉತ್ತರ: ಶಕಟರೇಫ

ಮರೆವಿನ ನಂಟಿನ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದೊಂದು ಇತ್ಯರ್ಥವಾದರೆ ಉಳಿದದ್ದಕ್ಕೆ ದಾರಿ ಸಲೀಸಾಗುತ್ತದೆ.

ಇಂದು ನಾವು ಬರೆಯುವುದೂ ಉಚ್ಚರಿಸುವುದೂ ಒಂದೇ ‘ರ’. ಹಳಗನ್ನಡಕ್ಕೆ ಎರಡಿದ್ದವು: ಸಾಮಾನ್ಯ ರೇಫ ಒಂದು, ಶಕಟರೇಫವೆಂದು ಕರೆಯುವ ‘ಱ’ ಇನ್ನೊಂದು. 13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣಗ್ರಂಥವಾದ ‘ಶಬ್ದಮಣಿದರ್ಪಣ’ದಲ್ಲಿ ಈ ಱಕಾರವನ್ನು ದೇಶೀಯ ಅಕ್ಷರಗಳ ಸಾಲಿಗೆ ಸೇರಿಸಿದ್ದಾನೆ. ‘ಹಸುವನ್ನು ಕರೆ’ ಎಂದು ಈಗ ಯಾರಾದರೂ ಬರೆದರೆ, ಕೂಗಿ ಬರಮಾಡಿಕೊಳ್ಳಬೇಕೋ ತಂಬಿಗೆ ಹಿಡಿದು ಹಾಲು ಹಿಂಡಬೇಕೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. ಹಳಗನ್ನಡದವನಿಗೆ ಆ ಫಜೀತಿ ಇರಲಿಲ್ಲ. ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಎರಡು ರೇಫಗಳು ಕೂಡಿ ಒಂದಾದಾಗ ಇಂಥ ಎಷ್ಟೋ ಬೇರೆಬೇರೆ ಪದಗಳು ಒಂದೇ ರೂಪಕ್ಕೆ ಬಂದವು, ಸಂಬಂಧವಿಲ್ಲದ ಪದಗಳೂ ನೆಂಟರಂತೆ ಕಾಣತೊಡಗಿದವು.

‘ಮರೆ’ಯೂ ‘ಮರುಳು’ ಎಂಬುದೂ ಹೀಗೆ ನೆಂಟರಾದ ಪದಗಳು. ಮರೆಯುವುದು ಎಂಬ ಅರ್ಥದ ಕ್ರಿಯಾಪದ ಹಳಗನ್ನಡದಲ್ಲಿ ‘ಮಱೆ’. ತಮಿಳಿನ ‘ಮಱ’, ತೆಲುಗಿನ ‘ಮಱಚು’ ಎಲ್ಲವೂ ಇದೇ ಒರಟು ರೇಫವುಳ್ಳವು. ‘ಮರುಳ್’ ಎಂಬುದಾದರೋ ಕನ್ನಡದಲ್ಲೂ ತಮಿಳಿನಲ್ಲೂ ಸಾಮಾನ್ಯ ರೇಫದ ಪದ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಈ ಎರಡು ರೇಫಗಳನ್ನು ಬೇರೆಬೇರೆಯಾಗಿಯೇ ಅಚ್ಚು ಮಾಡಿರುವುದರಿಂದ, ಅದನ್ನು ತೆರೆದವರಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅರಳುಮರಳಿನ ‘ಮರಳು’ ಎಂಬುದು ಈ ಮರುಳಿನ ರೂಪಾಂತರವೇ ಹೊರತು ಮಱೆಯ ಸಂತಾನವಲ್ಲ. ಆದ್ದರಿಂದ ನಿಮ್ಮ ಇಷ್ಟು ವರ್ಷಗಳ ನಂಬಿಕೆಯನ್ನು ನೀವು ಬಿಟ್ಟುಕೊಡಬೇಕಾಗುತ್ತದೆ.

ಮರುಳು ಎಂದರೇನು? ಹಳೆಯ ಕಾವ್ಯಗಳಲ್ಲಿ ಅದು ಪಿಶಾಚಿ. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ಓಡಾಡುವ ಮರುಳುಗಳನ್ನು ನೆನಪಿಸಿಕೊಳ್ಳಿ. ಪಿಶಾಚಿ ಹಿಡಿದವನ ಸ್ಥಿತಿಯೂ ಮರುಳು, ಹಿಡಿಸಿಕೊಂಡವನೂ ಮರುಳ. ಅಲ್ಲಿಂದ ಭ್ರಮೆ, ಮೋಹ, ದಡ್ಡತನ ಎಂದೆಲ್ಲ ಅರ್ಥ ಹರಡಿತು. ‘ಜನ ಮರುಳೋ ಜಾತ್ರೆ ಮರುಳೋ’ ಎನ್ನುವಾಗ ಯಾರೂ ಯಾವುದನ್ನೂ ಮರೆತಿರುವುದಿಲ್ಲ, ಎಲ್ಲರಿಗೂ ತಲೆ ತಿರುಗಿರುತ್ತದೆ ಅಷ್ಟೆ. ಆಡುಮಾತಿನಲ್ಲಿ ಬೆರಳು ‘ಬೆಳ್ಳು’ ಆದಂತೆ, ಕರುಳು ‘ಕಳ್ಳು’ ಆದಂತೆ, ಮರುಳು ‘ಮಳ್ಳು’ ಆಯಿತು. ಮಂಚಕ್ಕೆ ಎಷ್ಟು ಕಾಲೆಂದು ಕೇಳಿದರೆ ಮೂರು ಮತ್ತೊಂದು ಎಂದ ಗಾದೆಯ ಮಳ್ಳಿ ಈ ಮನೆತನದವಳೇ.

ಇನ್ನು ಮೊದಲರ್ಧದ ‘ಅರಳು’. ಇದಕ್ಕೆ ಹೂವು ಬಿರಿಯುವ ಅರಳಿನ ಅರ್ಥವನ್ನು ಹಚ್ಚಬೇಕಾದ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಜೋಡುನುಡಿ ಕಟ್ಟುವ ರೀತಿಗಳಲ್ಲಿ ಎರಡನೆಯ ಪದಕ್ಕೆ ‘ಗಿ’ಕಾರ ಹಚ್ಚುವುದು ಎಲ್ಲರಿಗೂ ಗೊತ್ತಿರುವಂಥದು: ಪುಸ್ತಕಗಿಸ್ತಕ, ಮನೆಗಿನೆ. ಅದಕ್ಕಿಂತ ಕಡಿಮೆ ಗಮನಕ್ಕೆ ಬರುವ ಇನ್ನೊಂದು ರೀತಿಯಲ್ಲಿ ಅರ್ಥವುಳ್ಳ ಪದ ಹಿಂದೆ ನಿಲ್ಲುತ್ತದೆ, ಅದರ ಮೊದಲ ವ್ಯಂಜನವನ್ನು ಕಳಚಿದ ಪ್ರತಿಧ್ವನಿ ಮುಂದೆ ನಿಲ್ಲುತ್ತದೆ. ಅಕ್ಕಪಕ್ಕದಲ್ಲಿ ಪಕ್ಕ ಇದೆ, ಅಕ್ಕ ಯಾರೂ ಇಲ್ಲ. ಅಂಕುಡೊಂಕಿನಲ್ಲಿ ಡೊಂಕು ಮಾತ್ರ ನಿಜ. ಅಲ್ಲೋಲಕಲ್ಲೋಲದಲ್ಲಿ ಕಲ್ಲೋಲವೆಂದರೆ ಅಲೆ, ‘ಅಲ್ಲೋಲ’ ಅದರ ನೆರಳು. ಹಾಗೆಯೇ ಮರುಳಿಗೆ ಮುಂದೆ ಒಂದು ‘ಅರುಳು’ ಹುಟ್ಟಿ, ಬಾಯಿಂದ ಬಾಯಿಗೆ ಸವೆದು ಅರಳುಮರಳು ಆಗಿದೆ ಎಂದರೆ ಎಲ್ಲವೂ ಸರಿಹೊಂದುತ್ತದೆ. ಈ ಸವೆತದಿಂದಾಗಿಯೇ ಅದು ಹೂವು ಅರಳುವ ಅರಳಿನಂತೆಯೂ ಹೊಳೆದಂಡೆಯ ಮರಳಿನಂತೆಯೂ ಕೇಳಿಸುತ್ತಿದೆ. ತಮಾಷೆಯೆಂದರೆ ಆ ಎರಡೂ ಪದಗಳು ಕೂಡ ಮೊದಲು ಈ ರೂಪದಲ್ಲಿ ಇರಲಿಲ್ಲ. ಹೂವಿನದು ‘ಅಲರ್’, ಹೊಳೆಯದು ‘ಮಳಲ್’.

ಅರವತ್ತು ವರ್ಷಕ್ಕೂ ಇದಕ್ಕೂ ಗಂಟು ಬಿದ್ದದ್ದು ವೈದ್ಯಕೀಯ ಕಾರಣದಿಂದಲ್ಲ. ‘ಅರವತ್ತಕ್ಕೆ ಅರಳುಮರಳು’ ಎನ್ನುವಾಗ ಎರಡು ಪದಗಳೂ ‘ಅರ’ ಎಂದೇ ಮೊದಲಾಗುತ್ತವೆ. ‘ಎಪ್ಪತ್ತಕ್ಕೆ ಅರಳುಮರಳು’ ಎಂದು ಹೇಳಿ ನೋಡಿ, ಗಾದೆ ನಾಲಗೆಯ ಮೇಲೆ ನಿಲ್ಲುವುದಿಲ್ಲ.

ನಿಮ್ಮ ಸೋದರತ್ತೆಯವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬೇಂದ್ರೆಯವರು ಹುಟ್ಟಿದ್ದು 1896ರಲ್ಲಿ. ಸೂರ್ಯಪಾನ, ಹೃದಯಸಮುದ್ರ, ಮುಕ್ತಕಂಠ, ಚೈತ್ಯಾಲಯ, ಜೀವಲಹರಿ ಎಂಬ ಐದು ಸಂಗ್ರಹಗಳು ಒಂದಾಗಿ ‘ಅರಳು ಮರಳು’ ಆದದ್ದು ಅವರಿಗೆ ಅರವತ್ತು ತುಂಬಿದ ಆಸುಪಾಸಿನಲ್ಲಿ. 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಅರವತ್ತಾದವನಿಗೆ ಲೋಕ ಹಚ್ಚುವ ಹೆಸರನ್ನು ಕವಿ ತಾನೇ ಎತ್ತಿಕೊಂಡು, ನಡುವೆ ತುಸು ತೆರಪು ಬಿಟ್ಟು, ಮರಳಿ ಅರಳುವುದು ಎಂಬ ಅರ್ಥ ಹೊಮ್ಮುವಂತೆ ಮಾಡಿದ ಚಮತ್ಕಾರವದು. ಆದರೆ ಆ ಚಮತ್ಕಾರ ಫಲಿಸಬೇಕಾದರೆ ಕೇಳುವವನಿಗೆ ಮೂದಲಿಕೆಯ ಅರ್ಥ ಮೊದಲೇ ಗೊತ್ತಿರಬೇಕು. ಹೀಗಾಗಿ ಬೇಂದ್ರೆಯವರ ಶೀರ್ಷಿಕೆಯೇ ನಿಮ್ಮ ತಮ್ಮನ ಪರವಾಗಿ ಸಾಕ್ಷಿ ಹೇಳುತ್ತದೆ.

ಉತ್ತರ: ಅಮರಕೋಶಿ

ಮೇಲಿನ ವಿವರಣೆಯಲ್ಲಿ ರೇಫದ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಮೊದಲರ್ಧವನ್ನು ಬರಿಯ ಪ್ರತಿಧ್ವನಿ ಎಂದು ಬದಿಗಿಡುವುದು ಅವಸರವಾಯಿತೆಂದು ತೋರುತ್ತದೆ. ತಮಿಳಿನಲ್ಲಿ ‘ಅರುಳ್’ ಎಂದರೆ ಕೃಪೆ, ‘ಮರುಳ್’ ಎಂದರೆ ಮೋಹ. ಒಂದು ಗಳಿಗೆ ತಿಳಿಯಾಗಿದ್ದು ಮರುಗಳಿಗೆ ಭ್ರಮೆಗೆ ಬೀಳುವ ವೃದ್ಧರ ಸ್ಥಿತಿಗೆ ಅರುಳು-ಮರುಳು ಎಂಬ ಜೋಡಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಸಂಸ್ಕೃತದ ಕಡೆಯ ಪದಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ. ‘ಸ್ಮೃ’ ಎಂಬ ಒಂದೇ ಧಾತುವಿನಿಂದ ಸ್ಮರಣೆ, ಸ್ಮೃತಿ, ವಿಸ್ಮೃತಿ, ಸ್ಮಾರಕ ಎಲ್ಲವೂ ಬಂದಿವೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕ್ರೋಧದಿಂದ ಸಮ್ಮೋಹ, ಸಮ್ಮೋಹದಿಂದ ಸ್ಮೃತಿವಿಭ್ರಮ, ‘ಸ್ಮೃತಿಭ್ರಂಶಾದ್ ಬುದ್ಧಿನಾಶಃ’ ಎಂದು ಮೆಟ್ಟಿಲಿಳಿದಂತೆ ಬರುವುದನ್ನು ಅನೇಕರು ಬಾಯಿಪಾಠ ಮಾಡಿರುತ್ತಾರೆ. ಗಮನಿಸಬೇಕಾದದ್ದೆಂದರೆ, ಅಲ್ಲಿ ಮೋಹ ಮೊದಲು, ನೆನಪಿನ ನಾಶ ಆಮೇಲೆ. ಮರುಳಿಗೂ ಮರೆವಿಗೂ ಪದದ ಮೂಲದಲ್ಲಿ ನಂಟಿಲ್ಲದಿದ್ದರೂ ಅನುಭವದಲ್ಲಿ ಇದೆ ಎಂಬುದನ್ನು ಈ ಕ್ರಮ ಬಲ್ಲದು. ಇನ್ನೊಂದು ಪದ ‘ಅಪಸ್ಮಾರ’. ನಾವು ಅದನ್ನು ಮೂರ್ಛೆರೋಗಕ್ಕೆ ಬಳಸುತ್ತೇವೆ. ಅಕ್ಷರಶಃ ನೋಡಿದರೆ ಅದು ಸ್ಮರಣೆ ತಪ್ಪಿಹೋಗುವುದು. ನಟರಾಜನ ಮೂರ್ತಿಯಲ್ಲಿ ಶಿವನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರನೇ.

ವೈದ್ಯರು ಹೇಳುವ ಹೆಸರುಗಳೂ ದೂರದವೇನಲ್ಲ. ಅಮ್ನೇಷಿಯಾ ಗ್ರೀಕಿನದು, ನೆನಪಿಲ್ಲದಿರುವುದು ಎಂದರ್ಥ. ಡಿಮೆನ್ಶಿಯಾ ಲ್ಯಾಟಿನ್ನಿನದು, ಮನಸ್ಸು ತಪ್ಪಿದ ಸ್ಥಿತಿ. ಈ ಎರಡರ ಒಳಗಿರುವ ಧಾತುವೂ ನಮ್ಮ ಮನಸ್ಸು, ಮತಿ ಎಂಬ ಪದಗಳ ಧಾತುವೂ ಮೂಲದಲ್ಲಿ ಒಂದೇ. ಡಿಮೆನ್ಶಿಯಾ ಎಂಬುದನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದರೆ ‘ಮತಿಗೇಡು’ ಎಂದಾಗುತ್ತದೆ! ಅರಳುಮರಳು ಎಂದರೆ ಅವಮಾನ, ಡಿಮೆನ್ಶಿಯಾ ಎಂದರೆ ಗೌರವ ಎಂದು ನಾವು ಭಾವಿಸುವುದಕ್ಕೆ ಲ್ಯಾಟಿನ್ ನಮಗೆ ಬಾರದಿರುವುದಷ್ಟೇ ಕಾರಣ.

ಉತ್ತರ: ಶಕಟರೇಫ

ಅರುಳ್-ಮರುಳ್ ಜೋಡಿ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಕೃಪೆ ಎಂಬ ಅರ್ಥದ ಅರುಳ್ ತಮಿಳಿನಲ್ಲಿ ದಿನಬಳಕೆಯ ಪದ, ಕನ್ನಡದ ಆಡುಮಾತಿನಲ್ಲಿ ಅದು ಬೇರು ಬಿಟ್ಟಿಲ್ಲ. ಹಳ್ಳಿಯ ಬಾಯಲ್ಲಿ ಹುಟ್ಟಿ ಬೆಳೆದ ಜೋಡುನುಡಿಯೊಂದು ತನ್ನ ಅರ್ಧವನ್ನು ಅಂಥ ಪದದಿಂದ ಕಡ ತಂದಿತು ಎನ್ನುವುದಕ್ಕಿಂತ, ಅಕ್ಕಪಕ್ಕ, ಅಂಕುಡೊಂಕುಗಳ ಪದ್ಧತಿಯಂತೆ ತಾನೇ ಕಟ್ಟಿಕೊಂಡಿತು ಎನ್ನುವುದೇ ನನಗೆ ಹೆಚ್ಚು ಸಹಜವಾಗಿ ಕಾಣುತ್ತದೆ. ಅರ್ಥ ಚೆನ್ನಾಗಿ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಮೂಲವನ್ನು ಒಪ್ಪಿಕೊಂಡರೆ ಬೇಂದ್ರೆಯವರ ‘ಮರಳಿ ಅರಳು’ ಎಂಬುದನ್ನೂ ವ್ಯುತ್ಪತ್ತಿಯೆಂದು ಒಪ್ಪಬೇಕಾಗುತ್ತದೆ.

ಮೊದಲ ಉತ್ತರದಲ್ಲಿ ಬಿಟ್ಟುಹೋದದ್ದು ಒಂದಿದೆ. ಮರೆಯುವುದಕ್ಕಿರುವ ‘ಮಱೆ’ಯೂ ಅಡ್ಡತೆರೆ ಎಂಬ ಅರ್ಥದ ‘ಮಱೆ’ಯೂ ಒಂದೇ ರೇಫದವು, ಒಂದೇ ಬಳಗದವು. ಬಾಗಿಲ ಮರೆ, ಮರೆಯಾಗು, ಮರೆಮಾಚು ಎನ್ನುವಾಗ ವಸ್ತು ನಾಶವಾಗಿರುವುದಿಲ್ಲ, ಯಾವುದೋ ಒಂದರ ಹಿಂದೆ ಸರಿದಿರುತ್ತದೆ. ಕನ್ನಡದ ಪ್ರಕಾರ ಮರೆತದ್ದು ಕೂಡ ಹಾಗೆಯೇ ಹಿಂದೆ ಸರಿದಿರುವಂಥದು. ಮರೆವು ಮರೆತ ಸಂಗತಿಯ ಪಾಡನ್ನು ಹೇಳಿದರೆ ಮರುಳು ಮನುಷ್ಯನ ಪಾಡನ್ನು ಹೇಳುತ್ತದೆ. ‘ಮರೆಗುಳಿ’ಯಲ್ಲಿ ಕೂಡ ಇರುವುದು ಹಳ್ಳಕೊಳ್ಳದ ಗುಳಿಯಲ್ಲ, ಲಂಚಗುಳಿಯಲ್ಲಿರುವ, ಅಭ್ಯಾಸವನ್ನು ಸೂಚಿಸುವ ತದ್ಧಿತ ಪ್ರತ್ಯಯ ಅದು.

ಉತ್ತರ: ಸಂಜೆಪಾಳಿ

ನಾನು ಭಾಷೆಯನ್ನು ಓದಿದವಳಲ್ಲ. ವಯಸ್ಸಾದವರ ಆರೈಕೆಯಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಪತ್ರದಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಮೊದಲಿಗೆ, ಬರಿಯ ‘ಮರೆವು’ ಎಂದು ಬರೆಯಬೇಡಿ. ಓದಿದವರೆಲ್ಲ ‘ನನಗೂ ಇದೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ಒಮ್ಮೆ ಒಬ್ಬ ಅಜ್ಜಿಯ ಮುಂದೆ ಅವರ ಮಗ ಬ್ಯಾಂಕಿನ ಅರ್ಜಿಯನ್ನು ಇಟ್ಟು ಪೆನ್ನು ಕೊಟ್ಟರು. ಅಜ್ಜಿ ಕನ್ನಡಕವನ್ನೂ ಸರಿಪಡಿಸಿಕೊಳ್ಳದೆ ಒಂದೇ ಬೀಸಿನಲ್ಲಿ ಸಹಿ ಮಾಡಿದರು. ಕೊನೆಯ ಅಕ್ಷರದ ಬಾಲವನ್ನು ಎಳೆದು ಅದರ ಕೆಳಗೆ ಎರಡು ಚುಕ್ಕೆಯನ್ನೂ ಇಟ್ಟರು, ಇಡೀ ಆಯುಷ್ಯ ಇಟ್ಟ ಹಾಗೆ. ಆಮೇಲೆ ಹಾಳೆಯನ್ನು ಹತ್ತಿರ ಹಿಡಿದು ಅಕ್ಷರ ಕೂಡಿಸಿ ಓದಿ, ‘ಇದು ಯಾರ ಹೆಸರಪ್ಪ?’ ಎಂದು ಮಗನನ್ನೇ ಕೇಳಿದರು. ಕೈಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಇದನ್ನು ಮರೆವು ಎಂದರೆ ತೀರ ಕಡಿಮೆಯಾಯಿತು. ಮರುಳು ಎಂದರೆ ಅನ್ಯಾಯವಾಯಿತು, ಏಕೆಂದರೆ ಅವರು ಬಹಳ ಸಮಾಧಾನದಿಂದ, ಉತ್ತರ ಸಿಗುತ್ತದೆಂಬ ನಂಬಿಕೆಯಿಂದಲೇ ಕೇಳಿದ್ದರು.

ಎರಡನೆಯದಾಗಿ, ಅರಳುಮರಳು ಎಂಬ ಪದದ ಬಗ್ಗೆ ನನ್ನ ಆಕ್ಷೇಪ ಅದು ಬೈಗುಳ ಎಂಬುದಕ್ಕಿಂತ ಹೆಚ್ಚಾಗಿ, ಅದು ವಯಸ್ಸಿನ ಮಾತಾಗಿಬಿಟ್ಟಿದೆ ಎಂಬುದು. ‘ವಯಸ್ಸಾಯಿತು, ಅರಳುಮರಳು, ಇನ್ನೇನು’ ಎಂದು ಮನೆಯವರು ಸುಮ್ಮನಿದ್ದು ಒಂದೆರಡು ವರ್ಷ ತಡವಾಗಿ ಕರೆತಂದವರನ್ನು ನೋಡಿದ್ದೇನೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಕುಂದುವುದು, ಖಿನ್ನತೆ, ಕೆಲವು ಮಾತ್ರೆಗಳ ಪರಿಣಾಮ, ತಲೆಗೆ ಪೆಟ್ಟು ಬಿದ್ದು ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಳ್ಳುವುದು, ಇವೆಲ್ಲ ಹೊರಗಿನಿಂದ ಹಾಗೆಯೇ ಕಾಣಬಹುದು, ಮತ್ತು ಇವಕ್ಕೆ ಚಿಕಿತ್ಸೆ ಇದೆ. ಅಲ್ಲದೆ ಅರವತ್ತೆಂಬುದು ಗಡಿಯೂ ಅಲ್ಲ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಯಾರ ಮಿದುಳಿನ ಬದಲಾವಣೆಗಳನ್ನು ಮೊದಲ ಬಾರಿಗೆ ವಿವರಿಸಿದರೋ ಆ ಮಹಿಳೆ 1901ರಲ್ಲಿ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಆ ಕಾಯಿಲೆಗೆ ಆಲ್ಝೈಮರ್ ಎಂಬ ಹೆಸರನ್ನು 1910ರಲ್ಲಿ ಕೊಟ್ಟವರು ಮನೋವೈದ್ಯ ಎಮಿಲ್ ಕ್ರೆಪೆಲಿನ್.

‘ಬುದ್ಧಿಮಾಂದ್ಯ’ ಎಂದು ಕೆಲವರು ಅನುವಾದಿಸುತ್ತಾರೆ, ಅದನ್ನೂ ಬಳಸಬೇಡಿ. ಆ ಪದ ಹುಟ್ಟಿನಿಂದ ಬರುವ ಬೌದ್ಧಿಕ ನ್ಯೂನತೆಗೆ ಅಂಟಿಕೊಂಡಿದೆ, ಓದುವವರು ತಪ್ಪು ತಿಳಿಯುತ್ತಾರೆ.

ಹೆಸರಿನ ಈ ತೊಂದರೆ ನಮ್ಮೊಬ್ಬರದೇ ಅಲ್ಲ. ಜಪಾನಿನಲ್ಲಿ ಈ ಕಾಯಿಲೆಗೆ ಹಿಂದೆ ಇದ್ದ ‘ಚಿಹೋ’ ಎಂಬ ಹೆಸರಿನಲ್ಲಿ ಪೆದ್ದುತನದ ಅರ್ಥವಿದ್ದುದರಿಂದ 2004ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟು ‘ನಿಂಚಿಶೋ’ ಎಂಬುದನ್ನು ತಂದಿತು, ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂಬರ್ಥದಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯೂ ಡಿಮೆನ್ಶಿಯಾ ಎಂಬುದನ್ನು ಹಿಂದಕ್ಕೆ ಸರಿಸಿ ಬೇರೆ ಹೆಸರನ್ನು ಮುಂದೆ ತಂದಿದೆ.

ನನಗೆ ಕೇಳಿದರೆ, ‘ಮರೆವಿನ ಕಾಯಿಲೆ’ ಎಂದು ಬರೆದು, ವೈದ್ಯರು ಡಿಮೆನ್ಶಿಯಾ ಎಂದಿದ್ದಾರೆ ಎಂದು ಸೇರಿಸಿ. ‘ಕಾಯಿಲೆ’ ಎಂಬ ಪದ ಮುಖ್ಯ. ಅದಿದ್ದರೆ ಬಂದವರು ಅಪ್ಪನನ್ನು ಪರೀಕ್ಷೆ ಮಾಡುವ ಹಾಗೆ ‘ನಾನು ಯಾರು ಹೇಳಿ ನೋಡೋಣ’ ಎಂದು ಕೇಳುವುದು ಕಡಿಮೆಯಾಗುತ್ತದೆ. ಇನ್ನೊಂದು ಸಣ್ಣ ವಿಷಯ. ಕನ್ನಡದಲ್ಲಿ ‘ನಾನು ಮರೆತೆ’ ಎಂದೂ ಹೇಳಬಹುದು, ‘ನನಗೆ ಮರೆತುಹೋಯಿತು’ ಎಂದೂ ಹೇಳಬಹುದು. ಮೊದಲನೆಯದರಲ್ಲಿ ತಪ್ಪು ನನ್ನದು, ಎರಡನೆಯದರಲ್ಲಿ ಅದು ತಾನಾಗಿ ಹೋದದ್ದು. ಪತ್ರದುದ್ದಕ್ಕೂ ‘ಅಪ್ಪ ಮರೆಯುತ್ತಾರೆ’ ಎನ್ನುವ ಬದಲು ‘ಅಪ್ಪನಿಗೆ ಮರೆತುಹೋಗುತ್ತದೆ’ ಎಂದು ಬರೆಯಿರಿ.

ಪ್ರತಿಕ್ರಿಯೆ: ಕಾಗದದ ದೋಣಿ

ಎಲ್ಲರಿಗೂ ಕೃತಜ್ಞತೆಗಳು. ಪತ್ರವನ್ನು ನಿನ್ನೆ ರಾತ್ರಿ ಹೊಸದಾಗಿ ಬರೆದೆ. ಮೊದಲ ಸಾಲು ಈಗ ‘ಅಪ್ಪನಿಗೆ ಮರೆವಿನ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದಾರೆ’ ಎಂದಿದೆ. ಮುಂದಿನ ಎಂಟು ಕಡೆ ‘ಮರೆಯುತ್ತಾರೆ’ ಎಂಬುದನ್ನು ‘ಮರೆತುಹೋಗುತ್ತದೆ’ ಎಂದು ತಿದ್ದಿದ್ದೇನೆ. ಒಂದು ಕಡೆ ಮಾತ್ರ ಹಾಗೆಯೇ ಬಿಟ್ಟಿದ್ದೇನೆ: ಔಷಧಿ ಕಹಿಯೆಂದು ಅಪ್ಪ ಬೇಕೆಂದೇ ‘ಮರೆಯುವ’ ದಿನಗಳೂ ಇವೆ.

ಶಕಟರೇಫದ ವಿಷಯ ಓದಿ ಹೇಳಿದಾಗ ತಮ್ಮ ಗೆದ್ದವನಂತೆ ನಕ್ಕ. ಸೋದರತ್ತೆ ಇನ್ನೂ ಸೋಲೊಪ್ಪಿಲ್ಲ. ‘ಪದಕ್ಕೆ ಮೂಲ ಏನಾದರೂ ಇರಲಿ, ಬೇಂದ್ರೆಯವರು ಹೇಳಿದ ಮೇಲೆ ಅದೂ ಒಂದು ಅರ್ಥವೇ’ ಎನ್ನುತ್ತಾರೆ. ಇದಕ್ಕೆ ಶಕಟರೇಫ ಅವರಲ್ಲಿ ಉತ್ತರವಿದೆಯೇ?

ಉತ್ತರ: ಶಕಟರೇಫ

ಇಲ್ಲ. ಅವರು ಹೇಳಿದ್ದು ಸರಿ. ಪದ ಎಲ್ಲಿಂದ ಬಂತು ಎಂಬುದನ್ನಷ್ಟೇ ನಾನು ಹೇಳಬಲ್ಲೆ, ಎಲ್ಲಿಗೆ ಹೋಗಬಾರದು ಎಂದು ಹೇಳಲಾರೆ.